ಸೋಯಾ ಪ್ರೋಟೀನ್ ಮತ್ತು ಹೃದಯದ ಆರೋಗ್ಯ

ಸೋಯಾ ಅವರೆಯ ಪ್ರೋಟೀನ್ ರಕ್ತದ ಎಲ್‌ಡಿಎಲ್ (‘ಕೆಟ್ಟ’) ಕೊಲೆಸ್ಟರಾಲನ್ನು ಕೊಂಚ ಇಳಿಸುತ್ತದೆ. ಆದರೆ ಹೃದಯಕ್ಕೆ ಅದರಿಂದ ಸಿಗುವ ದೊಡ್ಡ ಲಾಭ, ಊಟದಲ್ಲಿ ಅದು ಯಾವ ಪದಾರ್ಥದ ಜಾಗಕ್ಕೆ ಬರುತ್ತದೆ ಎಂಬುದರಲ್ಲಿದೆ. 1995ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಶ್ಲೇಷಣೆಯೊಂದು ಎಲ್‌ಡಿಎಲ್ ಸುಮಾರು ಶೇ. 13ರಷ್ಟು ತಗ್ಗುತ್ತದೆಂದಿತು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪರ್ಯಾಪ್ತ ಕೊಬ್ಬು ಮತ್ತು ಕೊಲೆಸ್ಟರಾಲ್ ಕಡಿಮೆಯಿರುವ ಆಹಾರದೊಂದಿಗೆ ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ತಿಂದರೆ ಹೃದ್ರೋಗದ ಅಪಾಯ ಕಡಿಮೆಯಾಗಬಹುದೆಂದು ಪೊಟ್ಟಣದ ಮೇಲೆ ಮುದ್ರಿಸಲು ಅನುಮತಿಸಿತು. ಮುಂದಿನ ಪ್ರಯೋಗಗಳಲ್ಲಿ ಈ ಇಳಿಕೆ ಶೇ. 3ರ ಆಸುಪಾಸಿಗೆ ಕುಗ್ಗಿತು. 2006ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನೇ ಹೇಳಿತು. 2017ರಲ್ಲಿ ಎಫ್‌ಡಿಎ ತನ್ನ ಅನುಮತಿಯನ್ನು ಹಿಂಪಡೆಯುವ ಪ್ರಸ್ತಾವ ಮಂಡಿಸಿತು.

ಸೋಯಾ ಜೀರ್ಣವಾಗುವಾಗ ಹುಟ್ಟುವ ಪೆಪ್ಟೈಡ್‌ಗಳೆಂಬ ಪ್ರೋಟೀನ್ ತುಣುಕುಗಳು ಯಕೃತ್ತಿನ ಜೀವಕೋಶಗಳಲ್ಲಿ ಎಲ್‌ಡಿಎಲ್ ಹೀರುವ ಗ್ರಾಹಕಗಳನ್ನು ಹೆಚ್ಚಿಸುತ್ತವೆ ಎಂಬುದು ಸೋಯಾ ಬೆಂಬಲಿಗರ ವಾದ. ಪ್ರಯೋಗಾಲಯದಲ್ಲಿ ಅದು ಕಂಡದ್ದು ನಿಜ. ಆದರೆ ಕರುಳಿನ ಕಿಣ್ವಗಳು ಪೆಪ್ಟೈಡ್‌ಗಳಲ್ಲಿ ಬಹುಪಾಲನ್ನು ಅಮೈನೊ ಆಮ್ಲಗಳಾಗಿ ಒಡೆಯುತ್ತವೆ. ಇಡಿಯಾಗಿ ರಕ್ತ ಸೇರುವುದು ಅತ್ಯಲ್ಪ. ಹಾಗಾದರೆ ಸೋಯಾ ವ್ಯರ್ಥವೇ? ಖಂಡಿತ ಅಲ್ಲ. ಕೊಬ್ಬಿನ ಮಾಂಸದ ಬದಲು ಬೇಯಿಸಿದ ಸೋಯಾ ಕಾಳನ್ನೋ ಟೋಫುವನ್ನೋ ತಿಂದರೆ ಪರ್ಯಾಪ್ತ ಕೊಬ್ಬು ತಗ್ಗುತ್ತದೆ, ನಾರು ಮತ್ತು ಅಪರ್ಯಾಪ್ತ ಕೊಬ್ಬು ಹೆಚ್ಚುತ್ತವೆ. ಎಂದಿನ ಊಟಕ್ಕೆ ಪ್ರೋಟೀನ್ ಪುಡಿ ಸೇರಿಸಿದರೆ ಈ ಬದಲಾವಣೆ ಆಗದು. ಕೊಲೆಸ್ಟರಾಲ್ ಇಳಿಸಲು ವೈದ್ಯರು ಕೊಟ್ಟ ಸ್ಟ್ಯಾಟಿನ್ ಮಾತ್ರೆಗೆ ಸೋಯಾ ಪರ್ಯಾಯವಲ್ಲ.