ಸೇವಿಕೆಯರನ್ನು ಸಿದ್ಧಗೊಳಿಸಿದ ಉಮಾಬಾಯಿ

ರಾಜಕಾರಣಕ್ಕಿಳಿಯುವ ತರುಣಿಯರಿಗೆ ಮುಂದಾಳುತನದ ಶಿಕ್ಷಣ ಬೇಕೆಂಬ ಮಾತನ್ನು ಈಚೆಗೆ ನಾವು ಪದೇ ಪದೇ ಕೇಳುತ್ತಿದ್ದೇವೆ. ಅದಕ್ಕೆಂದು ಶಿಬಿರಗಳು ಕೂಡುತ್ತವೆ, ಪ್ರಮಾಣಪತ್ರಗಳೂ ದೊರೆಯುತ್ತವೆ. ಆದರೆ ಇದೇ ಕಾರ್ಯವು ನೂರು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ನಡೆದಿದ್ದಿತೆಂಬುದನ್ನೂ, ಅದನ್ನು ನಡೆಸಿದವರು ನಮ್ಮ ಮುಂಬಯಿಯಿಂದ ಹೋದ ಗೃಹಿಣಿಯೆಂಬುದನ್ನೂ ನಮ್ಮಲ್ಲಿ ಎಷ್ಟು ಜನ ಬಲ್ಲೆವು?

ಉಮಾಬಾಯಿ ಕುಂದಾಪುರ ಅವರು ಮಂಗಳೂರಿನಲ್ಲಿ 1892ರಲ್ಲಿ ಜನಿಸಿದರು. ಹದಿಮೂರನೆಯ ವಯಸ್ಸಿಗೇ ಲಗ್ನವಾಯಿತು. ಮಾವನವರಾದ ಆನಂದರಾಯರು ಸೊಸೆಯನ್ನು ಓದಿಸಿದರು. ಆಕೆ ಮ್ಯಾಟ್ರಿಕ್ ಮುಗಿಸಿ ಗಾಮದೇವಿಯ ಮಹಿಳಾ ಸಮಾಜದಲ್ಲಿ ಸ್ತ್ರೀಯರಿಗೆ ಪಾಠ ಹೇಳತೊಡಗಿದರು. ಅಂದಿನ ಕಾಲಕ್ಕೆ ಇಂಥ ಮಾವ ಸಿಗುವುದೂ ಒಂದು ಭಾಗ್ಯವೇ ಸರಿ! 1923ರಲ್ಲಿ ಪತಿ ತೀರಿಕೊಂಡರು. ಮಾವ-ಸೊಸೆ ಹುಬ್ಬಳ್ಳಿಗೆ ಬಂದು ಕರ್ನಾಟಕ ಮುದ್ರಣಾಲಯವನ್ನು ತೆರೆದರು. ಉಮಾಬಾಯಿಯವರು ತಿಲಕ ಕನ್ಯಾಶಾಲೆಯ ಹೊಣೆಯನ್ನೂ ಹೊತ್ತರು.

ಡಾ. ನಾ. ಸು. ಹರ್ಡೀಕರರು ಆಗತಾನೆ ಹಿಂದೂಸ್ಥಾನಿ ಸೇವಾದಳವನ್ನು ಕಟ್ಟಿದ್ದರು. ಅದರ ಮಹಿಳಾ ವಿಭಾಗವು ಉಮಾಬಾಯಿಯವರ ಕೈಗೆ ಬಂದಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆಯುವುದಿದ್ದಿತು. ಉಮಾಬಾಯಿಯವರು ಊರೂರು ಸುತ್ತಿ 150ಕ್ಕೂ ಹೆಚ್ಚು ಸೇವಿಕೆಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಹೊಸ್ತಿಲು ದಾಟಿದರೆ ಊರೇ ಆಡಿಕೊಳ್ಳುತ್ತಿದ್ದ ದಿನಗಳವು. ಒಬ್ಬ ಹೆಣ್ಣುಮಗಳನ್ನು ಹೊರಡಿಸಬೇಕಾದರೆ ಮೊದಲು ಅವಳ ಮನೆಯವರನ್ನು ಒಪ್ಪಿಸಬೇಕು. ನಮ್ಮ ಎಣಿಕೆಯಲ್ಲಿ ಆ ಶಿಕ್ಷಣದ ಅತಿ ಕಠಿಣವಾದ ಪಾಠ ಇದೇ. ಅಪರಿಚಿತರ ಮಹಾಸಭೆಯಲ್ಲಿ ಸಾಲು ಕಾಯುವುದು, ಜನರನ್ನು ಸಂಭಾಳಿಸುವುದು ಅದರ ಮುಂದಿನ ಮಾತು.

ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದಲ್ಲಿ ದುಡಿದು ಸೇವಿಕೆಯರನ್ನು ಪಳಗಿಸಿದರು. 1926ರಲ್ಲಿ ಅವರು ಮದ್ರಾಸ್ ಶಾಸನ ಸಭೆಯ ಚುನಾವಣೆಗೆ ನಿಂತು, ಅಲ್ಪ ಮತಗಳಿಂದ ಸೋತರು.

1932ರಲ್ಲಿ ಉಮಾಬಾಯಿಯವರು ನಾಲ್ಕು ತಿಂಗಳು ಯೆರವಡಾ ಸೆರೆಮನೆಯಲ್ಲಿದ್ದರು. ಅಲ್ಲಿದ್ದಾಗಲೇ ಮಾವನವರ ಮರಣವಾರ್ತೆ ಬಂದಿತು. ಬಿಡುಗಡೆಯಾಗಿ ಬಂದು ನೋಡಿದರೆ ಮುದ್ರಣಾಲಯ ಮುಟ್ಟುಗೋಲಾಗಿದೆ, ಶಾಲೆಗೆ ಮೊಹರು ಬಿದ್ದಿದೆ, ಭಗಿನಿ ಮಂಡಲವು ಕಾನೂನುಬಾಹಿರವೆನಿಸಿದೆ. ಉಳಿದುದು ಚಿಕ್ಕದೊಂದು ಮನೆ. ಸೆರೆಯಿಂದ ಹೊರಬಂದ ಹೆಣ್ಣುಮಕ್ಕಳು ಆ ಮನೆಗೇ ಬರುತ್ತಿದ್ದರು. ಅವರಿಗೆ ಊಟ, ಬಟ್ಟೆ, ಊರಿಗೆ ಹೋಗುವ ಖರ್ಚು ಕೊಟ್ಟು ಕಳಿಸುತ್ತಿದ್ದರು. 1946ರಲ್ಲಿ ಗಾಂಧೀಜಿ ಕಸ್ತೂರಬಾ ನಿಧಿಯ ಕರ್ನಾಟಕದ ಕೆಲಸವನ್ನು ಒಪ್ಪಿಸಿದಾಗ, ಆಕೆ ಗ್ರಾಮಸೇವಿಕೆಯರಿಗೆ ಶಿಕ್ಷಣ ಕೊಡಿಸತೊಡಗಿದರು.

ನಮ್ಮ ಸಂಘಗಳಲ್ಲಿ ಉತ್ಸವದ ದಿನ ರಂಗೋಲಿ, ಫಳಾರ, ಆರತಿಗಳೆಲ್ಲ ಹೆಣ್ಣುಮಕ್ಕಳ ಪಾಲು. ಕಾರ್ಯಕಾರಿ ಸಮಿತಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರನ್ನು ಹುಡುಕಬೇಕು. ಇದನ್ನು ಬರೆಯುವಾಗ ನಮಗೇ ಸಂಕೋಚವಾಗುತ್ತದೆ.

ಸ್ವಾತಂತ್ರ್ಯಾನಂತರ ಉಮಾಬಾಯಿಯವರು ಪದವಿಯನ್ನಾಗಲಿ, ತಾಮ್ರಪತ್ರವನ್ನಾಗಲಿ ಸ್ವೀಕರಿಸಲಿಲ್ಲ. ಅವರು ತೀರಿಕೊಂಡದ್ದು 1992ರಲ್ಲಿ. ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ಮೂರನೆಯ ಒಂದು ಪಾಲಿಗೆ ಕಡಿಮೆಯಾಗದಂತೆ ಸ್ಥಾನಗಳನ್ನು ಮೀಸಲಿಡುವ ಸಂವಿಧಾನ ತಿದ್ದುಪಡಿಯು ಸಂಸತ್ತಿನಲ್ಲಿ ಅಂಗೀಕಾರವಾದುದೂ ಅದೇ ವರ್ಷದ ಡಿಸೆಂಬರಿನಲ್ಲಿ.