ಮೇಷ್ಟ್ರ ಎರಡು ಬಸ್ಸು ಮತ್ತು ಆರುನೂರು ಪಿಕ್ಸೆಲ್

2013ರ ಅಕ್ಟೋಬರ್. ನಮ್ಮೂರ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಒಂದಷ್ಟು ಜನ ಸೇರಿಕೊಂಡು ಶಾಲೆಯ ಲೈಬ್ರರಿಗೆ ಪುಸ್ತಕ ಕೊಡಿಸುವ ಕೆಲಸ ಹಚ್ಚಿಕೊಂಡಿದ್ದೆವು. ತಿಂಗಳಿಗೊಂದು ಮಿಂಚಂಚೆ ಕಳಿಸುವುದು ನನ್ನ ಪಾಲಿಗೆ ಬಂದಿತ್ತು. ಕಂಪ್ಯೂಟರ್ ಗೊತ್ತಿದೆ ಅನ್ನುವ ಜಂಭ ಬೇರೆ. ಎಡಗಡೆ ಅಗಲದ ಪಟ್ಟಿಯಲ್ಲಿ ಸುದ್ದಿ, ಬಲಗಡೆ ಕಿರಿದಾದ ಪಟ್ಟಿಯಲ್ಲಿ ಪ್ರಕಟಣೆಗಳು, ಮೇಲೆ ಶಾಲೆಯ ಫೋಟೋ. ಥೇಟ್ ಪತ್ರಿಕೆಯ ಮುಖಪುಟದ ಹಾಗೆ! ಆ ತಿಂಗಳು ಭಾನುವಾರದ ಸಭೆ ಶನಿವಾರಕ್ಕೆ ಬದಲಾಗಿತ್ತು. ಎಷ್ಟೋ ಫೋನುಗಳಲ್ಲಿ ಕನ್ನಡ ಇನ್ನೂ ಡಬ್ಬಿ ಡಬ್ಬಿಯಾಗಿ ಕಾಣುತ್ತಿದ್ದ ಕಾಲ ಅದು. ಹಾಗಾಗಿ ಬಲು ಜಾಣತನ ಮಾಡಿ, ಬದಲಾದ ದಿನಾಂಕವನ್ನು ಬರಹದಲ್ಲಿ ದಪ್ಪಗೆ ಟೈಪು ಮಾಡಿ ಚಿತ್ರವಾಗಿಸಿ ಬಲಗಡೆ ಕೂರಿಸಿದೆ. ಚಿತ್ರ ಕಾಣದಿದ್ದರೆ ಅದರ ಜಾಗದಲ್ಲಿ ಕಾಣಿಸುವ ಬದಲಿ ಪಠ್ಯ ಅಂತ ಒಂದಿರುತ್ತದೆ. ಅದನ್ನು ಬರೆಯಲಿಲ್ಲ.

ಎಪ್ಪತ್ತು ದಾಟಿದ ನಮ್ಮ ಕನ್ನಡ ಮೇಷ್ಟ್ರು ಎರಡು ಬಸ್ಸು ಬದಲಾಯಿಸಿ ಭಾನುವಾರ ಬಂದರು. ಗೇಟಿಗೆ ಬೀಗ. ಸಂಜೆ ಫೋನ್ ಮಾಡಿ, "ಏನೋ, ನಿನ್ನ ಕಾಗದದಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೀಯಲ್ಲ, ಶಾಯಿ ಮುಗಿದಿತ್ತಾ?" ಎಂದು ನಕ್ಕರು. ಆ ನಗುವಿಗಿಂತ ಬೈಗುಳವೇ ವಾಸಿಯಿತ್ತು. ಮಗ ಕೊಡಿಸಿದ್ದ ಫೋನಿನಲ್ಲಿ ಅವರಿಗೆ ಕಂಡಿದ್ದು ಎಡಗಡೆಯ ಪಟ್ಟಿ ಮಾತ್ರ. ಬೆರಳಿಂದ ಪಕ್ಕಕ್ಕೆ ಎಳೆದರೆ ಒಂದು ಬಿಳಿ ಚೌಕ. ಚಿತ್ರ ತೋರಿಸಲು ಇನ್ನೊಂದು ಗುಂಡಿ ಒತ್ತಬೇಕು ಅಂತ ಅವರಿಗೆ ಹೇಳಿದವರು ಯಾರು?

ತಪ್ಪು ನನ್ನದೇ. ಆದರೂ ಒಂದು ಪ್ರಶ್ನೆ ಕೊರೆಯುತ್ತಿತ್ತು. ಜಾಲಪುಟ ಫೋನಿಗೆ ತಕ್ಕಂತೆ ಮೈ ಕುಗ್ಗಿಸುವುದನ್ನು ಅಷ್ಟು ಹೊತ್ತಿಗೆ ಕಲಿತಿತ್ತು. ಅಂಚೆ ಯಾಕೆ ಕಲಿಯಲಿಲ್ಲ? ಹುಡುಕುತ್ತಾ ಹೋದರೆ ಇದು ಹಳೇ ಮನೆಗೆ ಹೊಸ ಕೋಣೆ ಕಟ್ಟುತ್ತಾ ಹೋದ ಕಥೆ.

1982ರಲ್ಲಿ ಮಿಂಚಂಚೆಯ ನಿಯಮಗಳನ್ನು ಬರೆದಾಗ ಅದು ಶುದ್ಧ ಪಠ್ಯ, ಅದೂ ಏಳು ಬಿಟ್ಟಿನ ಇಂಗ್ಲಿಷ್ ಅಕ್ಷರಗಳು. ಕನ್ನಡವಿರಲಿ, ಫ್ರೆಂಚರ ಒತ್ತು ಅಕ್ಷರಕ್ಕೂ ಜಾಗವಿರಲಿಲ್ಲ. 1992ರಲ್ಲಿ ನೇಥಾನಿಯಲ್ ಬೊರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ಮೈಮ್ ಎಂಬ ವ್ಯವಸ್ಥೆ ತಂದರು. ಆ ವರ್ಷದ ಮಾರ್ಚ್ 11ರಂದು ಬೊರೆನ್‌ಸ್ಟೀನ್ ತಮ್ಮ ಹಾಡುಗಾರ ಗುಂಪಿನ ಫೋಟೋವನ್ನೂ ಹಾಡನ್ನೂ ಅಂಚೆಗೆ ಲಗತ್ತಿಸಿ ಕಳಿಸಿದ್ದು ಈಗ ಪ್ರಸಿದ್ಧ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಮೈಮ್‌ನೊಳಗಿನ ಇನ್ನೊಂದು ಏರ್ಪಾಡು. ಒಂದೇ ಓಲೆಯನ್ನು ಎರಡು ರೂಪದಲ್ಲಿ ಕಳಿಸಬಹುದು: ಮೊದಲು ಬರೀ ಪಠ್ಯ, ಆಮೇಲೆ ಅಲಂಕಾರದ್ದು. ಓದುವ ಯಂತ್ರ ತನಗೆ ಅರ್ಥವಾಗುವುದನ್ನು ಆರಿಸಿಕೊಳ್ಳಲಿ ಅಂತ. ಎಷ್ಟು ಸಭ್ಯವಾದ ಯೋಚನೆ ನೋಡಿ. ನಾನು ಆ ಬರೀ ಪಠ್ಯದ ರೂಪವನ್ನು ಕಳಿಸಿಯೇ ಇರಲಿಲ್ಲ.

1996ರಲ್ಲಿ ಹಾಟ್‌ಮೇಲ್ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಳೆದಿದ್ದು ಬೆಂಗಳೂರಿನಲ್ಲಿ ಅಂತ ನಾವು ಆಗ ಹೆಮ್ಮೆಪಟ್ಟಿದ್ದೇ ಪಟ್ಟಿದ್ದು. ಅಂಚೆ ಬ್ರೌಸರಿನೊಳಗೆ ಬಂದದ್ದೇ ಹೊಸ ತಕರಾರು ಶುರುವಾಯಿತು. ಇಲ್ಲಿ ಓಲೆಯೆಂದರೆ ಒಂದು ಜಾಲಪುಟದ ಹೊಟ್ಟೆಯೊಳಗಿನ ಇನ್ನೊಂದು ಪುಟ. ಒಳಗಿನದ್ದು ತನ್ನ ಬಣ್ಣ, ಅಳತೆಗಳನ್ನು ಹೊರಗಿನದ್ದಕ್ಕೆ ಹಚ್ಚಿಬಿಟ್ಟರೆ? ಕಳ್ಳ ಸ್ಕ್ರಿಪ್ಟ್ ಒಳಗಿದ್ದರೆ? ಹಾಗಾಗಿ ವೆಬ್‌ಮೇಲ್‌ಗಳೆಲ್ಲ ಬಂದ ಓಲೆಯನ್ನು ಬಾಗಿಲಲ್ಲೇ ತಪಾಸಣೆ ಮಾಡಿ ಅನುಮಾನ ಬಂದದ್ದನ್ನು ಕಿತ್ತುಹಾಕುವುದು ರೂಢಿಯಾಯಿತು. ಯಾವುದನ್ನು ಕೀಳಬೇಕು ಎಂಬುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. 2004ರಲ್ಲಿ ಬಂದ ಜಿಮೇಲ್ ತಲೆಭಾಗದಲ್ಲಿ ಬರೆದ ಸಿಎಸ್‌ಎಸ್ಸನ್ನು ಇಡಿಯಾಗಿ ಬಿಸಾಡುತ್ತಿತ್ತು. ಹಾಗಾಗಿ ಪ್ರತಿ ಪ್ಯಾರಾಕ್ಕೂ ಅದರದೇ ಬಣ್ಣ, ಅದರದೇ ಅಕ್ಷರದ ಗಾತ್ರವನ್ನು ಮತ್ತೆ ಮತ್ತೆ ಬರೆಯಬೇಕು.

ಇದಾದರೂ ಸಹಿಸಬಹುದಿತ್ತು. ನಿಜವಾದ ಏಟು ಬಿದ್ದಿದ್ದು 2007ರಲ್ಲಿ. ಅಲ್ಲಿಯವರೆಗೆ ಔಟ್‌ಲುಕ್ ತನಗೆ ಬಂದ ಓಲೆಯನ್ನು ಇಂಟರ್ನೆಟ್ ಎಕ್ಸ್‌ಪ್ಲೋರರಿನ ಯಂತ್ರದಿಂದ ತೋರಿಸುತ್ತಿತ್ತು. ಔಟ್‌ಲುಕ್ 2007ರಲ್ಲಿ ಆ ಯಂತ್ರ ಬಿಟ್ಟು ವರ್ಡ್‌ನ ಯಂತ್ರ ಹಾಕಿದರು. ಹೌದು, ನಾವು ಅರ್ಜಿ ಟೈಪು ಮಾಡುವ ಅದೇ ವರ್ಡ್! ಬರೆಯುವುದೂ ಓದುವುದೂ ಒಂದೇ ಕಡೆ ಇರಲಿ ಎಂಬುದು ಅವರ ವಾದ. ಆದರೆ ವರ್ಡ್‌ಗೆ ಜಾಲದ ಭಾಷೆ ಅರ್ಧಂಬರ್ಧ ಬರುತ್ತಿತ್ತು. ಹಿನ್ನೆಲೆ ಚಿತ್ರಗಳು ಮಾಯ. ಪಟ್ಟಿಗಳನ್ನು ಅಕ್ಕಪಕ್ಕ ತೇಲಿಸುವುದು ಮಾಯ. ಜಾಲಪುಟ ಕಟ್ಟುವವರು ಟೇಬಲ್ಲುಗಳನ್ನು ಬಿಟ್ಟು ಸಿಎಸ್‌ಎಸ್‌ಗೆ ಹೋಗುತ್ತಿದ್ದ ಹೊತ್ತಿನಲ್ಲಿ ಓಲೆ ಕಟ್ಟುವವರು ಟೇಬಲ್ಲೊಳಗೆ ಟೇಬಲ್ಲು, ಅದರೊಳಗೊಂದು ಟೇಬಲ್ಲು ಅಂತ ಹತ್ತು ವರ್ಷ ಹಿಂದಕ್ಕೆ ಹೋದರು. ಆಫೀಸುಗಳಲ್ಲೆಲ್ಲ ಔಟ್‌ಲುಕ್ಕೇ ಇರುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು ಹೇಗೆ?

2009ರ ಜೂನ್‌ನಲ್ಲಿ, ಮುಂದಿನ ಔಟ್‌ಲುಕ್ಕಿನಲ್ಲೂ ವರ್ಡೇ ಇರುತ್ತದೆಂದು ಗೊತ್ತಾದಾಗ ಇಮೇಲ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್‌ನವರು ಟ್ವಿಟ್ಟರಿನಲ್ಲಿ ದೊಡ್ಡ ಗಲಾಟೆ ಎಬ್ಬಿಸಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಟ್ವೀಟುಗಳು ಬಂದವು. ಮೈಕ್ರೋಸಾಫ್ಟ್ ಮರ್ಯಾದೆಯಿಂದಲೇ ಉತ್ತರ ಕೊಟ್ಟಿತು: ಓಲೆ ಬರೆಯಲು ವರ್ಡ್‌ಗಿಂತ ಒಳ್ಳೆಯ ಸಾಧನವಿಲ್ಲ. ಅಲ್ಲಿಗೆ ಮುಗಿಯಿತು. ಈಗಿನ ಹೊಸ ಔಟ್‌ಲುಕ್ ಜಾಲದ ಯಂತ್ರದ ಮೇಲೇ ನಡೆಯುತ್ತದೆ ನಿಜ. ಹಳೇ ನಮೂನೆಯದಕ್ಕೆ 2029ರವರೆಗಾದರೂ ಬೆಂಬಲವಿರುತ್ತದೆ ಎಂದು ಅವರೇ ಹೇಳಿದ್ದಾರೆ. ಅಂದರೆ ಟೇಬಲ್ಲುಗಳಿಗೆ ಇನ್ನೂ ಆಯುಷ್ಯವಿದೆ.

ತಮಾಷೆ ಏನೆಂದರೆ ಅದೇ 2007ರ ಜೂನ್‌ನಲ್ಲಿ ಅಮೆರಿಕದಲ್ಲಿ ಐಫೋನ್ ಮಾರಾಟಕ್ಕೆ ಬಂತು. ಫೋನಿನಲ್ಲಿ ಅಂಚೆ ಓದುವುದು ಹೊಸದಲ್ಲ, ಬ್ಲ್ಯಾಕ್‌ಬೆರ್ರಿಯವರು ಮುಂಚಿನಿಂದಲೂ ಓದುತ್ತಿದ್ದರು. ಆದರೆ ಬ್ಲ್ಯಾಕ್‌ಬೆರ್ರಿ ತನ್ನ 4.5 ಆವೃತ್ತಿ ಬರುವವರೆಗೂ ತೋರಿಸುತ್ತಿದ್ದದ್ದು ಬರೀ ಪಠ್ಯ. ಐಫೋನ್ ಬಣ್ಣ, ಚಿತ್ರ, ಟೇಬಲ್ಲು ಎಲ್ಲವನ್ನೂ ಇದ್ದಂತೆಯೇ ತೋರಿಸಿತು, 320 ಪಿಕ್ಸೆಲ್ ಅಗಲದ ಪರದೆಯಲ್ಲಿ. ಓಲೆಗಳ ರೂಢಿಯ ಅಗಲವೋ 600 ಪಿಕ್ಸೆಲ್. ಕಂಪ್ಯೂಟರಿನ ಅಂಚೆ ಕಿಟಕಿಯಲ್ಲಿ ಎಡಗಡೆ ಫೋಲ್ಡರುಗಳು, ಮಧ್ಯೆ ಪತ್ರಗಳ ಪಟ್ಟಿ ಕೂತ ಮೇಲೆ ಓದುವುದಕ್ಕೆ ಉಳಿಯುತ್ತಿದ್ದದ್ದು ಹೆಚ್ಚುಕಮ್ಮಿ ಅಷ್ಟೇ ಜಾಗ. ಆರುನೂರನ್ನು ಮುನ್ನೂರಿಪ್ಪತ್ತಕ್ಕೆ ಹಿಂಡಿದರೆ 12 ಪಿಕ್ಸೆಲ್ಲಿನ ಅಕ್ಷರ ಆರೂವರೆಗೆ ಇಳಿಯುತ್ತದೆ. ಸಾಸಿವೆ ಕಾಳು.

2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ 'ಎ ಲಿಸ್ಟ್ ಅಪಾರ್ಟ್'ನಲ್ಲಿ ಒಂದು ಲೇಖನ ಬರೆದು ರೆಸ್ಪಾನ್ಸಿವ್ ವಿನ್ಯಾಸ ಎಂಬ ಹೆಸರು ಕೊಟ್ಟರು. ಅದರ ಒಂದು ಕಾಲು ಮೀಡಿಯಾ ಕ್ವೆರಿ: ಪರದೆ ಇಷ್ಟಕ್ಕಿಂತ ಕಿರಿದಾಗಿದ್ದರೆ ಹೀಗೆ ತೋರಿಸು ಎನ್ನುವ ಷರತ್ತು. ಐಫೋನಿನ ಅಂಚೆ ಈ ಷರತ್ತು ಪಾಲಿಸುತ್ತಿತ್ತು. ಓಲೆ ಕಟ್ಟುವವರು ಕುಣಿದಾಡಿದರು. ಆದರೆ ಷರತ್ತು ಬರೆಯಬೇಕಾದ್ದೇ ತಲೆಭಾಗದಲ್ಲಿ, ಜಿಮೇಲ್ ಬಿಸಾಡುವುದೂ ಅದನ್ನೇ. ಜಿಮೇಲ್ ತನ್ನ ಮನಸ್ಸು ಬದಲಾಯಿಸಿದ್ದು 2016ರ ಸೆಪ್ಟೆಂಬರಿನಲ್ಲಿ. ನಡುವಿನ ಆರು ವರ್ಷ ದುಬಾರಿ ಫೋನಿದ್ದವನಿಗೆ ಓಲೆ ಚೆಂದ, ನಮ್ಮ ಮೇಷ್ಟ್ರಂಥವರ ಆಂಡ್ರಾಯ್ಡಿಗೆ ಸಾಸಿವೆ ಕಾಳು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಬಿಕ್ಕಟ್ಟಿನಲ್ಲೇ ಹುಟ್ಟಿದ್ದು ಹೈಬ್ರಿಡ್ ವಿಧಾನ. ಷರತ್ತುಗಳೇ ಬೇಡ. ತಲಾ 300 ಪಿಕ್ಸೆಲ್ಲಿನ ಎರಡು ಡಬ್ಬಿಗಳನ್ನು ಒಂದು ಸಾಲಿನಲ್ಲಿ ಪದಗಳಂತೆ ಇಡುವುದು. ಜಾಗವಿದ್ದರೆ ಅಕ್ಕಪಕ್ಕ ಕೂರುತ್ತವೆ, ಇಲ್ಲದಿದ್ದರೆ ಎರಡನೆಯದು ತಾನಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ, ಪಂಕ್ತಿಯಲ್ಲಿ ಎಲೆ ಸಾಲದಿದ್ದವರು ಮುಂದಿನ ಸಾಲಿಗೆ ಹೋದ ಹಾಗೆ. ಹಳೇ ಔಟ್‌ಲುಕ್‌ಗೆ ಇದೂ ಅರ್ಥವಾಗದು. ಹಾಗಾಗಿ ಅದರ ಕಣ್ಣಿಗೆ ಮಾತ್ರ ಬೀಳುವ ಒಂದು ಟೇಬಲ್ಲನ್ನು ಟಿಪ್ಪಣಿಯ ಒಳಗೆ ಬಚ್ಚಿಡಬೇಕು. ಅದಕ್ಕೆ ಹೆಸರೇ ಭೂತದ ಟೇಬಲ್ಲು! ನಿಕೋಲ್ ಮರ್ಲಿನ್ ಎಂಬಾಕೆ ಇದನ್ನು ಹಂತಹಂತವಾಗಿ ವಿವರಿಸಿ ಬರೆದ ಪಾಠವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಈಗ ಎಂಜೆಎಂಎಲ್‌ನಂಥ ಸಾಧನಗಳು ಈ ಭೂತಗಳನ್ನೆಲ್ಲ ತಾವೇ ಕಟ್ಟಿಕೊಡುತ್ತವೆ.

ಈ ಪಾಠಗಳಲ್ಲಿ ಎಲ್ಲೂ ಸಿಗದಿದ್ದದ್ದು ನಮ್ಮ ಲಿಪಿಯ ಪಾಡು. ಒಪೇರಾ ಮಿನಿಯ ಒಳಗಿನ ಸೆಟ್ಟಿಂಗಿಗೆ ಹೋಗಿ, ಅಕ್ಷರಗಳನ್ನು ಚಿತ್ರವಾಗಿ ತೋರಿಸುವ ಆಯ್ಕೆ ಒತ್ತಿ ಕನ್ನಡ ಓದಿದ್ದು ನಿಮಗೂ ನೆನಪಿರಬಹುದು. 2012ರ ಆಂಡ್ರಾಯ್ಡ್ 4.1ರ ಹೊತ್ತಿಗೆ ಒತ್ತಕ್ಷರಗಳು ಫೋನಿನಲ್ಲೇ ಸರಿಯಾಗಿ ಕೂರತೊಡಗಿದವು. ಆದರೂ ಓಲೆಯಲ್ಲಿ ಬೇರೆ ಕಾಟಗಳಿದ್ದವು. ಇಂಗ್ಲಿಷ್ ಮಾದರಿಗಳಲ್ಲಿ ಸಾಲಿನ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿರುತ್ತಾರೆ. ಅದರಲ್ಲಿ 'ರಾಷ್ಟ್ರ', 'ಸ್ತ್ರೀ' ಅಂತ ಬರೆದು ನೋಡಿ. ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತವೆ. ವರ್ಡ್ ಯಂತ್ರದ ಔಟ್‌ಲುಕ್ಕಿನಲ್ಲಾದರೆ ಒತ್ತಿನ ಬಾಲವೇ ಕತ್ತರಿಸಿಹೋಗುತ್ತದೆ. ಅಕ್ಷರದ ಗಾತ್ರದ 1.7 ಪಟ್ಟು ಎತ್ತರ ಕೊಟ್ಟ ಮೇಲೆ ನನ್ನ ಓಲೆ ಉಸಿರಾಡಿತು. ಎರಡೂ ಅಂಚು ಸಮ ಮಾಡುವ ಚಪಲವನ್ನಂತೂ ಬಿಡಲೇಬೇಕು. ನಮ್ಮ ಪದಗಳು ಉದ್ದ. ಕಿರಿದಾದ ಪರದೆಯಲ್ಲಿ ಸಾಲಿಗೆ ಎರಡೇ ಪದ ಬಿದ್ದು ನಡುವೆ ಹೊಳೆ ಹರಿಯುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಯೂನಿಕೋಡಿನ ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ನಮ್ಮ 'ಕ'ಕ್ಕೆ ಮೂರು. 'ಕ್ಷ' ಎಂದರೆ ಒಳಗೆ ಮೂರು ಸಂಕೇತಗಳು, ಅಂದರೆ ಒಂಬತ್ತು ಬೈಟು. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಓಲೆಯನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದಕ್ಕೆ ಒಂದು ಕೊಂಡಿ ಇಡುತ್ತದೆ. ಟೇಬಲ್ಲುಗಳ ಭಾರ ಮೊದಲೇ ಇದೆ, ಅದರ ಮೇಲೆ ಮೂರು ಪಟ್ಟು ತೂಕದ ಅಕ್ಷರಗಳು. ವಿಷಯದ ಸಾಲಿನ ಕಥೆ ಇನ್ನೂ ಚೆನ್ನಾಗಿದೆ. ಇಂಗ್ಲಿಷಲ್ಲದ ವಿಷಯವನ್ನು ಎಪ್ಪತ್ತೈದು ಅಕ್ಷರ ಮೀರದ ತುಂಡುಗಳಾಗಿ ಸಂಕೇತಿಸಬೇಕೆಂದು ನಿಯಮ. ರೂಢಿಯ ಬೇಸ್64 ಲೆಕ್ಕ ಹಾಕಿದರೆ ಒಂದು ತುಂಡಿಗೆ ಕನ್ನಡದ ಹದಿನೈದೇ ಸಂಕೇತಗಳು ಹಿಡಿಯುತ್ತವೆ. ಕಳಿಸುವ ತಂತ್ರಾಂಶ ದಡ್ಡನಾಗಿದ್ದು ಒಂದು ಅಕ್ಷರದ ಮೂರು ಬೈಟುಗಳ ನಡುವೆ ಕತ್ತರಿ ಹಾಕಿದರೆ, ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯ ಕರಿ ವಜ್ರ. ಹಾಗೆ ಮಾಡಬಾರದೆಂದು ನಿಯಮದಲ್ಲೇ ಇದೆ. ಓದುವವರು ಬೇಕಲ್ಲ :-)

ಡಾರ್ಕ್ ಮೋಡ್ ಬಂದ ಮೇಲೆ ಶಾಲೆಯ ಕಪ್ಪು ಲಾಂಛನ ಕಪ್ಪು ಹಿನ್ನೆಲೆಯಲ್ಲಿ ಕಾಣೆಯಾಗಿದ್ದೂ ಆಯಿತು. ಅದರ ಸುತ್ತ ಒಂದು ಬಿಳಿ ಅಂಚು ಹಾಕಿ ಸುಧಾರಿಸಿದೆ.

ಈಗ ನಮ್ಮ ಓಲೆ ಒಂದೇ ಪಟ್ಟಿ. ಮೊದಲ ಸಾಲಿನಲ್ಲೇ ದಿನ, ವಾರ, ಗಂಟೆ, ಜಾಗ. ಅಕ್ಷರದಲ್ಲಿ, ಚಿತ್ರದಲ್ಲಲ್ಲ. ಒಂದು ಫೋಟೋ, ಅದರ ಬದಲಿ ಪಠ್ಯ. ಒತ್ತಬೇಕಾದ ಕೊಂಡಿ ಬೆರಳಿಗೆ ಸಿಗುವಷ್ಟು ಎತ್ತರ. ಜೊತೆಗೆ, 1992ರಿಂದ ಕಾಯುತ್ತಿದ್ದ ಆ ಬರೀ ಪಠ್ಯದ ರೂಪವನ್ನೂ ತಪ್ಪದೆ ಕಳಿಸುತ್ತೇನೆ. ಗೆಳೆಯನೊಬ್ಬ ನೋಡಿ, "ಇದೇನೋ, ಪೋಸ್ಟ್‌ಕಾರ್ಡ್ ಇದ್ದ ಹಾಗಿದೆ" ಅಂದ.

ಕಳಿಸುವ ಮುಂಚೆ ಒಂದು ಪ್ರತಿ ಮೇಷ್ಟ್ರಿಗೆ ಹೋಗುತ್ತದೆ, ಅವರ ಹಳೇ ಫೋನಿನಲ್ಲೇ ಪರೀಕ್ಷೆ. ಹೋದ ತಿಂಗಳು ಅವರು ಎರಡು ಕಾಗುಣಿತದ ತಪ್ಪು ಹಿಡಿದು, "ಅಕ್ಷರ ಇನ್ನೊಂಚೂರು ದಪ್ಪ ಮಾಡೋ" ಅಂದರು. ಹದಿನಾರಿದ್ದದ್ದನ್ನು ಹದಿನೆಂಟು ಮಾಡಿದ್ದೇನೆ, ಸಾರ್.