ಬೆಳೆವ ಸಿರಿ ಮೊಳಕೆಯಲ್ಲಿ ಕಾಣುತ್ತದೆಯೇ?



ಹೋದ ತಿಂಗಳ ಫೋನ್-ಇನ್ ಕಾರ್ಯಕ್ರಮಕ್ಕೆ ತಾಂಬರಂನಿಂದ ಒಬ್ಬರು ಕರೆ ಮಾಡಿದ್ದರು. ಊರು ಸೋಮವಾರಪೇಟೆ ಕಡೆ, ಕೆಲಸ ಇಲ್ಲಿ. ನಾನು ರೂಢಿಯಂತೆ "ಹೇಳಿ ಸಾರ್, ಯಾವ ಹಾಡು ಬೇಕು?" ಅಂದೆ. "ಹಾಡು ಆಮೇಲೆ ಮೇಡಂ, ಮೊದಲು ಒಂದು ಪ್ರಶ್ನೆ" ಅಂದರು. ಅವರ ಮಗನಿಗೆ 14 ವರ್ಷ. ಶಾಲೆಯ ಹಾಕಿ ತಂಡದಲ್ಲಿ ಫಾರ್ವರ್ಡ್. ಆಯ್ಕೆ ಶಿಬಿರವೊಂದರಲ್ಲಿ "ಹುಡುಗ ಕುಳ್ಳ, ಮೈಯಲ್ಲಿ ಬಲ ಸಾಲದು" ಎಂದು ವಾಪಸು ಕಳಿಸಿದ್ದಾರೆ. ಇನ್ನೊಬ್ಬ ಕೋಚ್ "ಕ್ರೀಡಾ ಹಾಸ್ಟೆಲಿಗೆ ಸೇರಿಸಿ, ಇವನು ಇಂಡಿಯಾಗೆ ಆಡ್ತಾನೆ" ಅಂದಿದ್ದಾರೆ. ಈ ಮಧ್ಯೆ ಮನೆಯವರು ಗಣಿತದ ಟ್ಯೂಷನ್ನಿಗೆ ಫೀಸು ಕಟ್ಟಿ ಆಗಿದೆ. "ಯಾರ ಮಾತು ನಂಬೋದು ಮೇಡಂ?"

ಎರಡು ಹಾಡುಗಳ ನಡುವೆ ಸಿಗುವ ಒಂದು ನಿಮಿಷದಲ್ಲಿ ಹೇಳುವ ಉತ್ತರ ಇದಲ್ಲ. ನಾನು ಬಿ.ಎ.ಯಲ್ಲಿ ಕನ್ನಡ ಓದಿದವಳು, ಹಾಕಿ ಸ್ಟಿಕ್ ಹಿಡಿದು ಗೊತ್ತಿಲ್ಲ. ಆದರೆ ಇತಿಹಾಸ ಓದುವ ಚಟ ಇದೆ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ನಮ್ಮಲ್ಲಿ "ಬೆಳೆವ ಸಿರಿ ಮೊಳಕೆಯಲ್ಲಿ" ಅನ್ನುತ್ತಾರೆ. ಇಲ್ಲಿನ ನೆರೆಮನೆಯವರೂ ಅದನ್ನೇ "ವಿಳೆಯುಂ ಪಯಿರ್ ಮುಳೈಯಿಲೇ ತೆರಿಯುಂ" ಎನ್ನುತ್ತಾರೆ. ಎರಡು ಭಾಷೆಯ ಹಿರಿಯರೂ ಒಪ್ಪಿದ ಮಾತು. ಹಾಕಿಯ ಮಟ್ಟಿಗೆ ಮಾತ್ರ ನನಗೆ ಅನುಮಾನ ಹುಟ್ಟಿಸಿದವರು ಕೊಡಗಿನವರೇ.

ಎಂ.ಪಿ. ಗಣೇಶ್ ಅವರನ್ನು ನೋಡಿ. ಹುಟ್ಟಿದ್ದು 1946ರಲ್ಲಿ. 1960ರಲ್ಲಿ ಅವರಿಗೂ ಸರಿಯಾಗಿ 14 ವರ್ಷ. ಆಗ ಯಾರಾದರೂ ಹಾಕಿ ಪ್ರತಿಭೆ ಹುಡುಕಿಕೊಂಡು ಕೊಡಗಿಗೆ ಬಂದಿದ್ದರೆ ಅವರ ಪಟ್ಟಿಯಲ್ಲಿ ಗಣೇಶರ ಹೆಸರು ಇರುತ್ತಿತ್ತೇ? ಸಂದೇಹ. ಏಕೆಂದರೆ 1960ರಿಂದ 1964ರ ತನಕ ಅವರು ಜಿಲ್ಲೆಗೆ ಆಡುತ್ತಿದ್ದುದು ಫುಟ್‌ಬಾಲ್! ಹಾಕಿಯಲ್ಲಿ ಅವರು ಮೇಲೆ ಬಂದದ್ದು ಸೈನ್ಯ ಸೇರಿ, ಸರ್ವಿಸಸ್ ತಂಡಕ್ಕೆ ಆಡಿದ ಮೇಲೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಮರುವರ್ಷ ಹಾಲೆಂಡಿನ ಆಮ್ಸ್ಟಲ್ವೀನ್‌ನಲ್ಲಿ ನಡೆದ ವಿಶ್ವಕಪ್‌ಗೆ ಅವರೇ ನಾಯಕ. ಫೈನಲ್ 2-2 ಸಮನಾಗಿ, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಆತಿಥೇಯರಿಗೆ ಸೋತು ಬೆಳ್ಳಿ ಬಂತು. 14ರಲ್ಲಿ ಕಾಣದ ಆಟಗಾರ 27ಕ್ಕೆ ಭಾರತದ ನಾಯಕ! ನಡುವಿನ ವರ್ಷಗಳಲ್ಲಿ ಸೈನ್ಯ ಅವರಿಗೆ ಸಂಬಳವನ್ನೂ ಮೈದಾನವನ್ನೂ ಕೊಟ್ಟಿತ್ತು. ಹಳೆಯ ಕಾಲದ ನಮ್ಮ ಹಾಕಿಯಲ್ಲಿ ಮೊಳಕೆ ಗುರುತಿಸಿದ್ದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಸೈನ್ಯ, ರೈಲ್ವೆ, ಪೊಲೀಸ್ ಇಲಾಖೆಗಳ ಈ ಸಂಬಳ ಎಂದೇ ನನ್ನ ಅಭಿಪ್ರಾಯ.

ಇನ್ನು ಕರೆ ಮಾಡಿದವರ ಸೋಮವಾರಪೇಟೆಗೇ ಬರೋಣ. ಆ ಪುಟ್ಟ ಊರು ಮೂವರು ಒಲಿಂಪಿಕ್ ಆಟಗಾರರನ್ನು ಕೊಟ್ಟಿದೆ: ಬಿ.ಪಿ. ಗೋವಿಂದ, ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್. ಮೂವರೂ ಮೂರು ಕಾಲದವರು.

ಗೋವಿಂದ ಅವರದು ಹುಲ್ಲಿನ ಮೈದಾನದ ಕಾಲ. 21ನೇ ವಯಸ್ಸಿಗೆ ಮ್ಯೂನಿಕ್, 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದ ತಂಡದ ಸದಸ್ಯ. ಹುಲ್ಲಿನ ಮೇಲೆ ಚೆಂಡು ಪುಟಿಯುತ್ತದೆ, ಅಡ್ಡಾದಿಡ್ಡಿ ಓಡುತ್ತದೆ. ಅಲ್ಲಿ ಹುಡುಗನ ಮಣಿಕಟ್ಟು ನೋಡಿದರೆ ಆಯ್ಕೆದಾರರಿಗೆ ಅರ್ಧ ಉತ್ತರ ಸಿಕ್ಕಂತೆ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ಮೊದಲ ಬಾರಿಗೆ ಕೃತಕ ಟರ್ಫ್ ಮೇಲೆ ನಡೆಯಿತು. ಗೋವಿಂದ ಅಲ್ಲೂ ಇದ್ದರು. ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. 1928ರಿಂದ ಆಡಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪದಕ ತಂದ ತಂಡ ಅಂದು ಬರಿಗೈಯಲ್ಲಿ ಬಂತು.

ಟರ್ಫ್ ಮೇಲೆ ಚೆಂಡು ನೇರವಾಗಿ, ಬಹಳ ವೇಗವಾಗಿ ಬರುತ್ತದೆ. ಕಾಲಿನ ವೇಗ, ಉಸಿರು, ಬಂದ ಚೆಂಡನ್ನು ಒಂದೇ ಸಲಕ್ಕೆ ನಿಲ್ಲಿಸುವ ಹಿಡಿತ, ನಿಲ್ಲಿಸುವ ಮೊದಲೇ ತಲೆಯೆತ್ತಿ ಜೊತೆಗಾರ ಎಲ್ಲಿದ್ದಾನೆ ಎಂದು ನೋಡುವ ಅಭ್ಯಾಸ ಇವೆಲ್ಲ ಮಣಿಕಟ್ಟಿನಷ್ಟೇ ಮುಖ್ಯವಾದವು. 1998ರಲ್ಲಿ ಆಫ್‌ಸೈಡ್ ನಿಯಮವೂ ಹೋಯಿತು. ಅಳೆಯಬೇಕಾದ ವಸ್ತುವೇ ಬದಲಾದ ಮೇಲೆ ಹಳೆಯ ಅಳತೆಕೋಲು ಹಿಡಿದು ಪ್ರಯೋಜನವೇನು?

ಹಾಲಪ್ಪ ಅವರ ಕಥೆ ಇನ್ನೊಂದು ಬಗೆ. 2001ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಅರ್ಜೆಂಟೀನಾವನ್ನು 6-1ರಿಂದ ಸೋಲಿಸಿ ಕಿರಿಯರ ವಿಶ್ವಕಪ್ ಗೆದ್ದ ತಂಡ ಅವರದು. ಗಗನ್ ಅಜಿತ್ ಸಿಂಗ್, ದೀಪಕ್ ಠಾಕೂರ್, ಪ್ರಭಜೋತ್, ಜುಗ್‌ರಾಜ್... ಮೊಳಕೆ ಅಂದರೆ ಹೀಗಿರಬೇಕು ಎಂದು ದೇಶವೇ ಕುಣಿಯಿತು. 2003ರಲ್ಲಿ ಕಾರು ಅಪಘಾತ ಜುಗ್‌ರಾಜ್‌ರ ಅಂತರರಾಷ್ಟ್ರೀಯ ಆಟವನ್ನೇ ಮುಗಿಸಿತು. ಅದನ್ನು ಯಾವ ಕೋಚ್ ತಾನೇ ಮೊದಲೇ ಲೆಕ್ಕ ಹಾಕಬಲ್ಲ? 2004ರ ಅಥೆನ್ಸ್‌ನಲ್ಲಿ ಭಾರತಕ್ಕೆ ಮತ್ತೆ ಏಳನೇ ಸ್ಥಾನ. 2008ರಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆಯೇ ಸಿಗಲಿಲ್ಲ. ಆದರೆ 2016ರಲ್ಲಿ ಲಕ್ನೋದಲ್ಲಿ ಕಿರಿಯರ ವಿಶ್ವಕಪ್ ಗೆದ್ದ ತಂಡದ ಹರ್ಮನ್‌ಪ್ರೀತ್, ಮನ್‌ದೀಪ್, ನೀಲಕಂಠ ಶರ್ಮಾ, ಸುಮಿತ್ ಮುಂತಾದವರು 2021ರಲ್ಲಿ ಟೋಕಿಯೋದಿಂದ ಕಂಚು ತಂದರು. ಲಕ್ನೋದಲ್ಲಿ ಕಪ್ ಎತ್ತಿದ ನಾಯಕ ಹರ್ಜೀತ್ ಸಿಂಗ್ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಒಂದೇ ಕಪ್, ಒಂದೇ ವಯಸ್ಸು, ದಾರಿ ಬೇರೆ ಬೇರೆ.

ಸುನಿಲ್ ಬಗ್ಗೆ ನಾವು ಚೆನ್ನೈನವರು ಸ್ವಲ್ಪ ಹೆಮ್ಮೆ ಪಡಬಹುದು. ಬಿದಿರಿನ ಕೋಲು ಹಿಡಿದು ಹಾಕಿ ಕಲಿತ ಹುಡುಗ ಭಾರತದ ಅಂಗಿ ತೊಟ್ಟದ್ದು ನಮ್ಮ ಎಗ್ಮೋರಿನ ಮೇಯರ್ ರಾಧಾಕೃಷ್ಣನ್ ಕ್ರೀಡಾಂಗಣದಲ್ಲಿ, 2007ರ ಏಷ್ಯಾ ಕಪ್‌ನಲ್ಲಿ. ವಯಸ್ಸು 18. ಫೈನಲ್‌ನಲ್ಲಿ ಕೊರಿಯಾವನ್ನು ಭಾರತ 7-2ರಿಂದ ಬಗ್ಗುಬಡಿಯಿತು. ಅಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡರೆ ತಪ್ಪು. 2012ರ ಲಂಡನ್‌ನಲ್ಲಿ ಅವರಿದ್ದ ತಂಡ ಹನ್ನೆರಡನೆಯದಾಗಿ, ಅಂದರೆ ಕಟ್ಟಕಡೆಯದಾಗಿ ಮುಗಿಸಿತು. 2014ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ. ಏಷ್ಯಾದ ವರ್ಷದ ಆಟಗಾರ ಎಂಬ ಗೌರವ 2016ನೇ ಸಾಲಿಗೆ ಬಂತು, ಮೊದಲ ಪಂದ್ಯವಾಗಿ ಒಂಬತ್ತು ವರ್ಷಕ್ಕೆ! 2021ರಲ್ಲಿ ನಿವೃತ್ತರಾದಾಗ ಲೆಕ್ಕ 264 ಪಂದ್ಯ, 72 ಗೋಲು. ಅವರ ಬಂಡವಾಳ ಮುಖ್ಯವಾಗಿ ಓಟ. ಹುಲ್ಲಿನ ಕಾಲದ ಕಣ್ಣುಗಳಿಗೆ ಆ ಓಟದ ಬೆಲೆ ಎಷ್ಟು ತಿಳಿಯುತ್ತಿತ್ತೋ!

ಸಂಪಾದನೆ? ಅದನ್ನೂ ಕೇಳಿದ್ದರು. 2012ರ ಡಿಸೆಂಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್‌ನ ಮೊದಲ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥ್ ಅವರಿಗೆ ಸಿಕ್ಕಿದ್ದು 76,000 ಡಾಲರ್. ಕೇಳಲು ಚೆಂದ. ಆದರೆ ಅದೇ ಲೀಗ್ 2017ರ ನಂತರ ನಿಂತು, ಮತ್ತೆ ಶುರುವಾಗಲು 2024ರ ಡಿಸೆಂಬರ್ ಬರಬೇಕಾಯಿತು. ಆ ಏಳು ವರ್ಷಗಳಲ್ಲಿ 18 ದಾಟಿದ ಹುಡುಗರು ಯಾವ ಹರಾಜಿಗೆ ಕಾಯಬೇಕಿತ್ತು?

ಹಾಗಾಗಿ ತಾಂಬರಂನ ಅಪ್ಪನಿಗೆ ನಾನು ಹೇಳುವುದು ಇಷ್ಟು. "ಕುಳ್ಳ" ಎಂದವರ ಮಾತು ಇವತ್ತಿನ ಅಳತೆ ಮಾತ್ರ. 14ರಲ್ಲಿ ಕೆಲವರು ಆಗಲೇ ಗಂಡಸರಂತೆ ಬೆಳೆದಿರುತ್ತಾರೆ, ಕೆಲವರು ಇನ್ನೂ ಮಕ್ಕಳು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವಯೋಮಿತಿಯಲ್ಲಿ ಆಡುತ್ತಾರೆ. ಹಾಗೆಯೇ "ಇಂಡಿಯಾ ಆಡ್ತಾನೆ" ಎಂದವರನ್ನೂ ಪೂರ್ತಿ ನಂಬಬೇಡಿ. ಗ್ಯಾಲರಿಯಲ್ಲಿ ಕೂತು ಗೋಲು ಎಣಿಸುವ ಬದಲು, ಚೆಂಡು ಕಳೆದುಕೊಂಡ ಮೇಲಿನ ಹತ್ತು ಸೆಕೆಂಡು ಮಗ ಏನು ಮಾಡುತ್ತಾನೆ ನೋಡಿ. ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನೋ, ಹಿಂದಕ್ಕೆ ಓಡುತ್ತಾನೋ? ಮತ್ತೆ, ಹಾಸ್ಟೆಲ್ ನೋಡಲು ಹೋದರೆ ಕಪ್‌ಗಳ ಶೋಕೇಸಿಗಿಂತ ಮೊದಲು ಅಲ್ಲಿನ ತರಗತಿ, ಅಡುಗೆಮನೆ, ಪೆಟ್ಟಾದರೆ ನೋಡುವ ಡಾಕ್ಟರು ಇದ್ದಾರೆಯೇ ಎಂಬುದನ್ನು ವಿಚಾರಿಸಿ.

ಇಷ್ಟು ಬರೆದು ಮುಗಿಸುವ ಮೊದಲು ಅವರಿಗೇ ಫೋನ್ ಮಾಡಿದೆ. 2025ರ ಡಿಸೆಂಬರ್ 10ರಂದು ಅಪ್ಪ-ಮಗ ಇಬ್ಬರೂ ಎಗ್ಮೋರಿನಲ್ಲೇ ಇದ್ದರಂತೆ. ಕಿರಿಯರ ವಿಶ್ವಕಪ್‌ನ ಕಂಚಿನ ಪಂದ್ಯದಲ್ಲಿ ಭಾರತ 0-2 ಹಿಂದಿದ್ದು ಅರ್ಜೆಂಟೀನಾವನ್ನು 4-2ರಿಂದ ಸೋಲಿಸಿದ್ದನ್ನು ನೋಡಿದ್ದಾರೆ. ಹಾಸ್ಟೆಲ್ ವಿಚಾರ ಹತ್ತನೇ ತರಗತಿ ಮುಗಿದ ಮೇಲೆ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಅಲ್ಲಿಯ ತನಕ ಶನಿವಾರ ಬೆಳಿಗ್ಗೆ ಬೀಚ್ ಲೋಕಲ್ ಹತ್ತಿ ಅಭ್ಯಾಸಕ್ಕೆ, ಭಾನುವಾರ ಗಣಿತದ ಟ್ಯೂಷನ್ನಿಗೆ. ಅಂದು ಕೇಳಲು ಮರೆತಿದ್ದ ಹಾಡನ್ನೂ ಈಗ ಹೇಳಿದ್ದಾರೆ, ಮುಂದಿನ ಭಾನುವಾರ ಹಾಕುತ್ತೇನೆ.